ದುಂಡು ಫಾಂಟಿಗೆ ತಕ್ಕ ಜಾಗ

ಮಕ್ಕಳ ಪುಸ್ತಕಕ್ಕೋ ಹುಟ್ಟುಹಬ್ಬದ ಕರೆಯೋಲೆಗೋ ಕನ್ನಡದಲ್ಲಿ ಲವಲವಿಕೆಯ ಶೀರ್ಷಿಕೆ ಬೇಕೆಂದಾಗ ಹೆಚ್ಚಿನವರ ಮುಂದೆ ಬಹುಕಾಲ ಎರಡೇ ದಾರಿಗಳಿದ್ದವು. ಒಂದು, ಕಲಾವಿದರ ಕೈಯಲ್ಲಿ ಬರೆಸುವುದು. ಇನ್ನೊಂದು, ಕಚೇರಿ ಪತ್ರಕ್ಕೆ ಬಳಸುವ ಅಕ್ಷರವನ್ನೇ ದಪ್ಪ ಮಾಡಿ, ನೆರಳು ಕೊಟ್ಟು, ಬಣ್ಣ ತುಂಬಿ ಕೆಲಸ ಮುಗಿಸುವುದು. 2016ರಲ್ಲಿ ಮುಂಬೈನ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕರ ಬಳಗ ಬಾಲೂ ಎಂಬ ಫಾಂಟ್ ಕುಟುಂಬವನ್ನು ಹೊರತಂದಾಗ ಈ ಸ್ಥಿತಿ ಬದಲಾಯಿತು. ದಪ್ಪಗೆ, ಮೆತ್ತಗೆ, ತುಸು ಕುಣಿದಾಡುವಂತೆ ಕಾಣುವ ಈ ಅಕ್ಷರಗಳು ಭಾರತದ ಒಂಬತ್ತು ಲಿಪಿಗಳಲ್ಲಿ ಏಕಕಾಲಕ್ಕೆ ಮೂಡಿಬಂದವು. ಒಂದೊಂದು ಲಿಪಿಯ ಆವೃತ್ತಿಗೂ ಆ ಭಾಷೆಯವರು ಸಲುಗೆಯಿಂದ ಕರೆಯುವ ಹೆಸರನ್ನೇ ಇಟ್ಟರು: ಮಲಯಾಳಕ್ಕೆ ಚೇಟ್ಟನ್, ತಮಿಳಿಗೆ ತಂಬಿ, ಪಂಜಾಬಿಗೆ ಪಾಜಿ, ಕನ್ನಡಕ್ಕೆ ತಮ್ಮ. ಬಾಲೂ ತಮ್ಮದ ಕನ್ನಡ ಅಕ್ಷರಗಳನ್ನು ರೂಪಿಸಿದವರು ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್. ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿ ಗೂಗಲ್ ಫಾಂಟ್ಸ್ ತಾಣದಲ್ಲಿ ಇದು ಯಾರಿಗೂ ಉಚಿತವಾಗಿ ಸಿಗುತ್ತದೆ. ಮೊದಲ ಆವೃತ್ತಿಯಲ್ಲಿ ಒಂದೇ ಒಂದು ದಪ್ಪ ತೂಕವಿತ್ತು (ತೂಕವೆಂದರೆ ಗೆರೆಯ ದಪ್ಪದ ಮಟ್ಟ). ಆಮೇಲೆ ಬಂದ ಬಾಲೂ ತಮ್ಮ 2ರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾಬೋಲ್ಡ್‌ವರೆಗೆ ಐದು ತೂಕಗಳಿವೆ. ಉಚಿತ, ಚೆಂದ, ಸುಲಭ ಎಂಬ ಮೂರು ಗುಣ ಒಟ್ಟಿಗೆ ಸೇರಿದ ಮೇಲೆ ಯಾವ ವಸ್ತುವೂ ತನ್ನ ಜಾಗದಲ್ಲೇ ಉಳಿಯುವುದಿಲ್ಲ. ಈ ಬಗೆಯ ಫಾಂಟನ್ನು ಎಲ್ಲಿ ಬಳಸಬೇಕು, ಎಲ್ಲಿ ಕೈಬಿಡಬೇಕು ಎಂಬುದು ಬರಿಯ ಅಭಿರುಚಿಯ ಮಾತಲ್ಲ, ಅದಕ್ಕೆ ಉತ್ತರ ಕನ್ನಡ ಲಿಪಿಯ ರಚನೆಯಲ್ಲೇ ಇದೆ ಎಂಬುದು ಈ ಲೇಖನದ ವಾದ.

ಇಂಗ್ಲಿಷಿನಲ್ಲಿ ದುಂಡು ಫಾಂಟ್ ಎಂದರೆ ಏನೆಂದು ಹೇಳುವುದು ಸುಲಭ. ಅಲ್ಲಿಯ ಅಕ್ಷರಗಳಲ್ಲಿ ನೆಟ್ಟನೆಯ ಗೆರೆಗಳೂ ಚೂಪು ಮೂಲೆಗಳೂ ಹೆಚ್ಚು. ಆ ಮೂಲೆಗಳನ್ನು ಉಜ್ಜಿ ನುಣ್ಣಗೆ ಮಾಡಿದರೆ ಅಕ್ಷರದ ಸ್ವಭಾವವೇ ಬದಲಾಗುತ್ತದೆ. ಆಸ್ವಾಲ್ಡ್ ಕೂಪರ್ 1922ರಲ್ಲಿ ಬಿಡುಗಡೆ ಮಾಡಿದ ಕೂಪರ್ ಬ್ಲ್ಯಾಕ್, 1970ರ ದಶಕದ ಕೊನೆಯಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಗಾಗಿ ತಯಾರಾದ ವ್ಯಾಗ್ ರೌಂಡೆಡ್ ಎರಡೂ ಹಾಗೆ ಹೆಸರಾದವು. ಕನ್ನಡದ ಅಕ್ಷರಗಳಾದರೋ ಹುಟ್ಟಾ ದುಂಡಗಿವೆ. ತಾಳೆಗರಿಯ ಮೇಲೆ ಉಕ್ಕಿನ ಕಂಟದಿಂದ ಬರೆಯುವಾಗ ಎಳೆಯ ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಆದ್ದರಿಂದ ದಕ್ಷಿಣದ ಲಿಪಿಗಳು ಬಾಗು ಬಳುಕುಗಳ ಕಡೆಗೆ ವಾಲಿದವು ಎಂಬ ವಿವರಣೆ ಪ್ರಸಿದ್ಧವಾಗಿದೆ. ಕಾರಣ ಅದೊಂದೇ ಇರಲಿ, ಬೇರೆಯೂ ಇರಲಿ, ಇವತ್ತು ಅತಿ ಗಂಭೀರವಾದ ಕನ್ನಡ ಪುಸ್ತಕದ ಅಕ್ಷರವೂ ದುಂಡಗೇ ಇರುತ್ತದೆ. ಹಾಗಾದರೆ ಬಾಲೂ ತಮ್ಮದಂಥ ಫಾಂಟಿಗೆ ಆಟದ ಗುಣ ಬರುವುದು ಎಲ್ಲಿಂದ? ಗೆರೆಯ ದಪ್ಪದಿಂದ, ಗೆರೆ ಕೊನೆಯಾಗುವ ರೀತಿಯಿಂದ ಮತ್ತು ಅಕ್ಷರದ ಹೊಟ್ಟೆಯೊಳಗೆ ಉಳಿಯುವ ಬಿಳಿ ಜಾಗ ಕಿರಿದಾಗುವುದರಿಂದ. ಪಠ್ಯಕ್ಕೆಂದು ಮಾಡಿದ ಫಾಂಟಿನಲ್ಲಿ ತಲೆಕಟ್ಟು ತೆಳ್ಳಗೆ, ಖಚಿತವಾಗಿ ಮುಗಿಯುತ್ತದೆ. ಇಲ್ಲಿ ಅದು ಉಬ್ಬಿಕೊಂಡು ಅಕ್ಷರದ ಮೈಯಲ್ಲೇ ಬೆರೆಯುತ್ತದೆ. ಅಕ್ಷರ ತುಂಬಿಕೊಂಡಂತೆ, ತೂಕವುಳ್ಳ ಜೀವಿಯಂತೆ ಕಾಣುವುದು ಆಗಲೇ.

ಚೆಲುವು ಕೊಡುವ ಈ ಗುಣವೇ ಓದು ಬೆಲೆ ತೆರುವಂತೆಯೂ ಮಾಡುತ್ತದೆ. ಕನ್ನಡದಲ್ಲಿ ಅರ್ಥ ನಿಂತಿರುವುದು ಬಹಳ ಸಣ್ಣ ಗುರುತುಗಳ ಮೇಲೆ. ದ ಮತ್ತು ಧ ಅಕ್ಷರಗಳಿಗೆ ಇರುವ ವ್ಯತ್ಯಾಸ ಅಡಿಯಲ್ಲಿನ ಒಂದು ಸೀಳು. ಥ ಅಕ್ಷರದಲ್ಲಿ ಹೊಟ್ಟೆಯೊಳಗೆ ಒಂದು ಚುಕ್ಕೆ. ಪ ಮತ್ತು ಫ, ಡ ಮತ್ತು ಢ ಕೂಡ ಹೀಗೆಯೇ. ಪ ಮತ್ತು ಷ ನಡುವಿನ ಅಂತರ ಒಳಗೆ ಹಾಯುವ ಒಂದು ಗೀಟು. ಗೆರೆ ದಪ್ಪವಾದಷ್ಟೂ ಈ ಸೀಳು, ಚುಕ್ಕೆ, ಗೀಟುಗಳಿಗೆ ಜಾಗ ಕಡಿಮೆ. ಅಕ್ಷರ ದೊಡ್ಡದಾಗಿ ಅಚ್ಚಾದಾಗ ವಿನ್ಯಾಸಕರು ಜಾಣತನದಿಂದ ಕಾಪಾಡಿದ ಆ ಬಿಳಿ ಕಿಂಡಿಗಳು ಕಣ್ಣಿಗೆ ಬೀಳುತ್ತವೆ. ಅದನ್ನೇ ಹತ್ತು ಪಾಯಿಂಟಿಗೆ ಇಳಿಸಿ ಅಗ್ಗದ ಕಾಗದದ ಮೇಲೆ ಮುದ್ರಿಸಿದರೆ ಶಾಯಿ ಹರಡಿ ಕಿಂಡಿಗಳು ಮುಚ್ಚಿಹೋಗುತ್ತವೆ, ಓದುಗ ಅಕ್ಷರವನ್ನು ನೋಡಿ ಓದುವ ಬದಲು ಸಂದರ್ಭ ನೋಡಿ ಊಹಿಸತೊಡಗುತ್ತಾನೆ. ಇದರ ಜೊತೆಗೆ ಒತ್ತಕ್ಷರಗಳಿವೆ. ಇಂಗ್ಲಿಷಿನ ಪದ ಅಡ್ಡಕ್ಕೆ ಬೆಳೆದರೆ ಕನ್ನಡದ ಪದ ಕೆಳಕ್ಕೂ ಬೆಳೆಯುತ್ತದೆ. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ವೈಶಿಷ್ಟ್ಯ’, ‘ಜ್ಯೋತ್ಸ್ನಾ’ ಮುಂತಾದ ಪದಗಳಲ್ಲಿ ಒಂದು ವ್ಯಂಜನದ ಬುಡದಲ್ಲಿ ಎರಡು ಒತ್ತುಗಳು ಕೂರಬೇಕು. ಮುಖ್ಯ ಅಕ್ಷರವೇ ಉಬ್ಬಿರುವಾಗ ಒತ್ತುಗಳೂ ಅದೇ ತೂಕದಲ್ಲಿರಬೇಕು, ಇಲ್ಲವಾದರೆ ಪದ ಒಂದೇ ಕೈಬರಹದಂತೆ ಕಾಣದು. ಹೀಗೆ ಇಡೀ ಪದ ಕಪ್ಪಾಗುತ್ತದೆ. ಒಂದು ಪದ ಕಪ್ಪಾದರೆ ಅದು ಗಮನ ಸೆಳೆಯುತ್ತದೆ, ಒಂದು ಪುಟವೇ ಕಪ್ಪಾದರೆ ಓದು ನಿಲ್ಲುತ್ತದೆ.

ಇಷ್ಟನ್ನು ಒಪ್ಪಿದರೆ ಬಳಕೆಯ ನಿಯಮ ತಾನಾಗಿಯೇ ಹೊರಡುತ್ತದೆ. ಆಟದ ಗುಣವುಳ್ಳ ದುಂಡು ಫಾಂಟು ಸಲ್ಲುವುದು ಕರೆಯುವ ಮಾತಿಗೆ. ಮಾತು ಚಿಕ್ಕದಿರಬೇಕು, ಅಕ್ಷರ ದೊಡ್ಡದಿರಬೇಕು, ಓದುಗ ಅದನ್ನು ಒಂದು ನೋಟಕ್ಕೆ ಹಿಡಿದು ಮುಂದೆ ಸಾಗುವಂತಿರಬೇಕು. ವಿವರ ತಿಳಿಸುವ ಕೆಲಸ ಶುರುವಾದ ಕ್ಷಣವೇ ಫಾಂಟು ಬದಲಾಗಬೇಕು. ವಿಷಯ ಹಗುರವೋ ಗಂಭೀರವೋ ಎಂಬುದು ಎರಡನೆಯ ಪ್ರಶ್ನೆ. ಎಷ್ಟು ಪದ, ಎಷ್ಟು ಗಾತ್ರ ಎಂಬುದು ಮೊದಲನೆಯದು.

ಅಂಗಡಿ ಫಲಕಗಳಿಂದ ಆರಂಭಿಸೋಣ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಕರ್ನಾಟಕದಲ್ಲಿ ವ್ಯಾಪಾರ ಸಂಸ್ಥೆಗಳ ನಾಮಫಲಕದ ಶೇ. 60 ಭಾಗ ಕನ್ನಡಕ್ಕೆ ಮೀಸಲಾಗಬೇಕು, ಅದೂ ಮೇಲ್ಭಾಗದಲ್ಲಿ. ಫಲಕದ ಪ್ರಮಾಣವನ್ನು ಕಾಯ್ದೆ ಹೇಳುತ್ತದೆ, ಅಕ್ಷರ ಹೇಗಿರಬೇಕೆಂದು ಹೇಳುವುದಿಲ್ಲ. ಪರಿಣಾಮವಾಗಿ ಇಂಗ್ಲಿಷ್ ಹೆಸರು ಸಂಸ್ಥೆಯ ಲೋಗೋಕ್ಕೆ ಹೊಂದುವ ಸೊಗಸಿನ ಅಕ್ಷರದಲ್ಲಿ, ಅದರ ಮೇಲಿನ ಕನ್ನಡ ಹೆಸರು ಕಂಪ್ಯೂಟರ್ ತಾನಾಗಿ ಕೊಟ್ಟ ಅಕ್ಷರದಲ್ಲಿ ಇರುವ ಫಲಕಗಳು ಊರ ತುಂಬ ಇವೆ. ಜಾಗ ದೊಡ್ಡದು ಸಿಕ್ಕರೂ ಕನ್ನಡ ಅಲ್ಲಿ ಒತ್ತಾಯಕ್ಕೆ ಅಂಟಿಸಿದ ಚೀಟಿಯಂತೆ ಕಾಣುತ್ತದೆ. ಬಾಲೂ ತಮ್ಮದ ದೊಡ್ಡ ಉಪಕಾರ ಇಲ್ಲಿದೆ. ಕನ್ನಡ ಅಕ್ಷರಗಳ ಜೊತೆಗೆ ಅದೇ ತೂಕದ, ಅದೇ ಸ್ವಭಾವದ ಇಂಗ್ಲಿಷ್ ಅಕ್ಷರಗಳೂ ಒಂದೇ ಫಾಂಟಿನೊಳಗಿವೆ. ಬೇಕರಿ, ಆಟಿಕೆ ಅಂಗಡಿ, ಹಣ್ಣಿನ ರಸದ ಮಳಿಗೆ, ಶಿಶುವಿಹಾರ, ಸಾಕುಪ್ರಾಣಿಗಳ ಆಹಾರದ ಅಂಗಡಿ, ಬೊಂಬೆ ಪ್ರದರ್ಶನ, ಇವೆಲ್ಲ ಎರಡು ಮೂರು ಪದದ ಹೆಸರುಗಳು. ಒಂದು ಅಡಿ ಎತ್ತರದ ಅಕ್ಷರಗಳು. ಬನ್ನಿ ಎನ್ನುವುದೇ ಅವುಗಳ ಕೆಲಸ. ಇಲ್ಲಿ ಎಕ್ಸ್‌ಟ್ರಾಬೋಲ್ಡ್ ತೂಕವನ್ನೂ ಧೈರ್ಯವಾಗಿ ಬಳಸಬಹುದು. ಮೂಲೆಯಿಲ್ಲದ ದಪ್ಪ ಗೆರೆಯ ಅಕ್ಷರವನ್ನು ಅಕ್ರಿಲಿಕ್ ಹಾಳೆಯಲ್ಲಿ ಕತ್ತರಿಸಲೂ, ಒಳಗೆ ಎಲ್‌ಇಡಿ ದೀಪ ಕೂರಿಸಲೂ ಅನುಕೂಲ, ಏಕೆಂದರೆ ತೆಳುವಾದ ತುದಿಗಳು ಮುರಿಯುವ ಭಯವಿಲ್ಲ. ಒಂದು ಎಚ್ಚರಿಕೆ ಬೇಕು: ಫಲಕದ ಬುಡದಲ್ಲಿ ಬರುವ ವಿಳಾಸ, ದೂರವಾಣಿ, ವೇಳೆಗಳನ್ನು ಇದೇ ಫಾಂಟಿನಲ್ಲಿ ಸಣ್ಣದು ಮಾಡಿ ತುಂಬಬಾರದು. ಅದಕ್ಕೆ ನೋಟೋ ಸ್ಯಾನ್ಸ್ ಕನ್ನಡ ಅಥವಾ ಏಕ್ ಟೈಪ್ ಬಳಗದ್ದೇ ಆದ ಅನೆಕ್ ಕನ್ನಡ ಸಾಕು. ಅನೆಕ್ ಫಾಂಟಿನಲ್ಲಿ ದಪ್ಪ ಮಾತ್ರವಲ್ಲ, ಅಕ್ಷರದ ಅಗಲವನ್ನೂ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು, ಇಕ್ಕಟ್ಟಿನ ಸಾಲಿಗೆ ಅದು ತುಂಬ ಉಪಯುಕ್ತ.

ಮಕ್ಕಳ ಪುಸ್ತಕದ ವಿಷಯ ಹೆಚ್ಚು ಸೂಕ್ಷ್ಮ, ತಪ್ಪು ಹೆಚ್ಚಾಗಿ ನಡೆಯುವುದೂ ಅಲ್ಲೇ. ಮಕ್ಕಳಿಗೆ ಆಟ ಇಷ್ಟ, ಆದ್ದರಿಂದ ಇಡೀ ಪುಸ್ತಕ ಆಟದ ಅಕ್ಷರದಲ್ಲಿರಲಿ ಎಂಬ ತರ್ಕ ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಆದರೆ ಐದು ಆರು ವರ್ಷದ ಮಗು ಅಕ್ಷರವನ್ನು ಓದುತ್ತಿರುವುದಿಲ್ಲ, ಗುರುತಿಸಲು ಕಲಿಯುತ್ತಿರುತ್ತದೆ. ದೊಡ್ಡವರು ಪದದ ಒಟ್ಟು ಪರಿಚಯದಿಂದ ‘ಧನ’ ಮತ್ತು ‘ದನ’ಗಳನ್ನು ಸಂದರ್ಭದಲ್ಲೇ ಬೇರ್ಪಡಿಸುತ್ತಾರೆ. ಮಗುವಿಗೆ ಆ ಸೌಲಭ್ಯವಿಲ್ಲ. ಅದಕ್ಕೆ ಆಧಾರ ಆ ಸೀಳು, ಆ ಚುಕ್ಕೆ, ಆ ಒತ್ತು ಮಾತ್ರ. ಅವೇ ಮಸುಕಾದರೆ ಮಗು ಸೋಲುತ್ತದೆ, ಸೋಲಿನ ಕಾರಣ ತಾನೇ ಎಂದು ತಿಳಿಯುತ್ತದೆ. ಇನ್ನೂ ಒಂದು ಅಂಶವಿದೆ. ಶಾಲೆಯಲ್ಲಿ ಮಗು ಬರೆಯಲು ಕಲಿಯುವ ಅಕ್ಷರ ಒಂದೇ ತೆಳ್ಳನೆಯ ಗೆರೆಯದು. ಉಬ್ಬಿದ ಅಕ್ಷರದಲ್ಲಿ ಪೆನ್ಸಿಲ್ ಎಲ್ಲಿ ಶುರುವಾಗಿ ಎಲ್ಲಿ ತಿರುಗುತ್ತದೆಂಬ ದಾರಿ ಕಾಣುವುದಿಲ್ಲ. ಆದ್ದರಿಂದ ಮುಖಪುಟಕ್ಕೆ, ಅಧ್ಯಾಯದ ಹೆಸರಿಗೆ, ಚಿತ್ರದೊಳಗೆ ಸಿಡಿಯುವ ‘ಧಡಾರ್’, ‘ಬುಳಕ್’, ‘ಮಿಯಾಂವ್’ಗಳಿಗೆ ದುಂಡು ಫಾಂಟು ಇರಲಿ, ಕಥೆಯ ಸಾಲುಗಳಿಗೆ ಸ್ಪಷ್ಟವಾದ, ಹದವಾದ ಗೆರೆಯ ಫಾಂಟು ದೊಡ್ಡ ಗಾತ್ರದಲ್ಲಿ, ಸಾಲುಗಳ ನಡುವೆ ಧಾರಾಳ ಜಾಗದೊಂದಿಗೆ ಇರಲಿ. ಪುಟಕ್ಕೆ ಆರೇಳು ಪದಗಳಷ್ಟೇ ಇರುವ, ದೊಡ್ಡವರು ಓದಿ ಹೇಳುವ ಚಿತ್ರಪುಸ್ತಕವಾದರೆ ಬಾಲೂ ತಮ್ಮ 2ರ ರೆಗ್ಯುಲರ್ ಅಥವಾ ಮೀಡಿಯಂ ತೂಕವನ್ನು ದೊಡ್ಡದಾಗಿ ಬಳಸುವುದಕ್ಕೆ ಅಡ್ಡಿಯಿಲ್ಲ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಮಕ್ಕಳ ಮೂಲೆಗೆ ಫಲಕ ಬರೆಸುವವರು, ಶಾಲಾ ಗೋಡೆಪತ್ರಿಕೆ ಮಾಡುವ ಶಿಕ್ಷಕರು ಇದೇ ಲೆಕ್ಕ ಹಿಡಿಯಬಹುದು: ಹೆಸರು ದುಂಡಗೆ, ಒಳಗಿನ ಬರಹ ಸರಳ.

ತಿಂಡಿ ಪೊಟ್ಟಣಕ್ಕೂ ಅದೇ ಮಾತು. ಕೋಡುಬಳೆ, ಚಿಕ್ಕಿ, ಐಸ್‌ಕ್ಯಾಂಡಿಗಳ ಹೆಸರಿಗೆ ಈ ಅಕ್ಷರ ಹೇಳಿ ಮಾಡಿಸಿದಂತಿದೆ. ಪದಾರ್ಥಗಳ ಪಟ್ಟಿ, ಕಡಲೆಕಾಯಿ ಅಲರ್ಜಿಯ ಸೂಚನೆ, ಬಳಕೆಯ ಕೊನೆಯ ದಿನಾಂಕಗಳಿಗೆ ಇದು ಸಲ್ಲದು. ಅವನ್ನು ಹುಡುಕಿ ಓದುವವರಿಗೆ ಅದು ಆರೋಗ್ಯದ ಪ್ರಶ್ನೆ. ನಾಮಕರಣ, ಹುಟ್ಟುಹಬ್ಬ, ಶಾಲಾ ವಾರ್ಷಿಕೋತ್ಸವ, ಬೇಸಿಗೆ ಶಿಬಿರ, ಯೂಟ್ಯೂಬ್ ವಿಡಿಯೊದ ಮುಖಚಿತ್ರ, ಟಿ-ಶರ್ಟಿನ ಮೇಲಿನ ಎರಡು ಪದ, ಇವಕ್ಕೆಲ್ಲ ಹೆಚ್ಚು ಯೋಚನೆ ಬೇಕಿಲ್ಲ. ಶ್ರದ್ಧಾಂಜಲಿ, ನ್ಯಾಯಾಲಯದ ನೋಟಿಸು, ಬ್ಯಾಂಕ್ ಸಾಲದ ಕರಾರು, ಔಷಧದ ಚೀಟಿಗಳಿಗೆ ಬೇಡವೆನ್ನಲೂ ಯೋಚನೆ ಬೇಕಿಲ್ಲ. ಕಷ್ಟ ಇರುವುದು ನಡುವಿನ ಬಗೆಯಲ್ಲಿ. ಪೋಲಿಯೊ ಹನಿ, ಕೈ ತೊಳೆಯುವ ಅಭ್ಯಾಸ, ಡೆಂಗಿ ತಡೆ ಇಂಥ ಜಾಗೃತಿ ಪೋಸ್ಟರುಗಳು ಗಂಭೀರ ವಿಷಯದವು, ಆದರೆ ಅವು ಜನರನ್ನು ಹೆದರಿಸದೆ ಹತ್ತಿರ ಕರೆಯಬೇಕು. ಮೇಲೆ ಹೇಳಿದ ನಿಯಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ‘ಎರಡು ಹನಿ ಹಾಕಿಸಿ’ ಎಂಬ ಕರೆ ದುಂಡು ಅಕ್ಷರದಲ್ಲಿರಲಿ. ದಿನಾಂಕ, ವಯಸ್ಸಿನ ಮಿತಿ, ಕೇಂದ್ರದ ವಿಳಾಸ ಮತ್ತು ಸಹಾಯವಾಣಿ ಸಾದಾ ಅಕ್ಷರದಲ್ಲಿರಲಿ. ರೋಗ ಹರಡಿ ಸಾವು ಸಂಭವಿಸಿರುವ ಹೊತ್ತಿನಲ್ಲಿ ಹೊರಡಿಸುವ ಎಚ್ಚರಿಕೆಯಾದರೆ ಶೀರ್ಷಿಕೆಗೂ ಬೇಡ. ಸಂಕಟದಲ್ಲಿರುವವರಿಗೆ ನಗುಮುಖದ ಅಕ್ಷರ ನೋವು ಕೊಡುತ್ತದೆ.

ಅಕ್ಷರದ ಆಕಾರವನ್ನು ಯಾರು ಗಮನಿಸುತ್ತಾರೆ, ಓದುಗನಿಗೆ ಬೇಕಾದದ್ದು ವಿಷಯ ತಾನೇ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರವಾಗಿ ಕಾಮಿಕ್ ಸ್ಯಾನ್ಸ್ ಕಥೆ ಸಾಕು. ವಿನ್ಸೆಂಟ್ ಕೊನೇರ್ 1994ರಲ್ಲಿ ಮೈಕ್ರೋಸಾಫ್ಟ್‌ಗಾಗಿ, ಮನೆಮಂದಿ ಬಳಸುವ ತಂತ್ರಾಂಶವೊಂದರಲ್ಲಿ ಕಾರ್ಟೂನ್ ನಾಯಿ ಆಡುವ ಮಾತಿಗೆಂದು ರೂಪಿಸಿದ ಅಕ್ಷರ ಅದು. ಅಂಥ ಮಾತಿಗೆ ಅದು ಸರಿಯಾಗಿಯೇ ಇತ್ತು. ವಿಂಡೋಸ್ ಜೊತೆ ಎಲ್ಲ ಕಂಪ್ಯೂಟರುಗಳಿಗೂ ಬಂದ ಮೇಲೆ ಅದು ಕಚೇರಿ ಸುತ್ತೋಲೆಗೂ ಆಸ್ಪತ್ರೆ ಫಲಕಕ್ಕೂ ಏರಿತು, ಅಲ್ಲಿಂದಲೇ ಅದರ ಮೇಲಿನ ಸಿಟ್ಟು ಶುರುವಾಯಿತು. 2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಬೋಸಾನ್ ಕುರಿತ ಚಾರಿತ್ರಿಕ ಫಲಿತಾಂಶವನ್ನು ವಿಜ್ಞಾನಿ ಫಾಬಿಯೊಲಾ ಜಿಯಾನೊಟ್ಟಿ ಮಂಡಿಸಿದಾಗ ಸ್ಲೈಡುಗಳು ಕಾಮಿಕ್ ಸ್ಯಾನ್ಸ್‌ನಲ್ಲಿದ್ದವು. ಭೌತವಿಜ್ಞಾನದ ಅಷ್ಟು ದೊಡ್ಡ ಸುದ್ದಿಯ ದಿನವೂ ಜಗತ್ತಿನಾದ್ಯಂತ ಜನ ಆ ಅಕ್ಷರದ ಬಗ್ಗೆ ಮಾತಾಡಿದರು. ಜಿಯಾನೊಟ್ಟಿ ಅವರ ಸಾಧನೆಗೆ ಅದರಿಂದ ಕುಂದೇನೂ ಬರಲಿಲ್ಲ, ಬರಬೇಕಾದ್ದೂ ಇರಲಿಲ್ಲ. ಆದರೆ ಓದುಗರು ಅಕ್ಷರವನ್ನು ಗಮನಿಸುತ್ತಾರೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಇನ್ನೊಂದು ಆಕ್ಷೇಪ ಕನ್ನಡದ ಘನತೆಯ ಕಡೆಯಿಂದ ಬರುತ್ತದೆ. ಹಲ್ಮಿಡಿ ಶಾಸನದಷ್ಟು ಹಳೆಯ ಬರಹವುಳ್ಳ, 2008ರಲ್ಲಿ ಶಾಸ್ತ್ರೀಯ ಸ್ಥಾನಮಾನ ಪಡೆದ ಭಾಷೆಯನ್ನು ಹೀಗೆ ಗೊಂಬೆಯಂತೆ ಮಾಡಬಹುದೇ ಎಂಬುದು ಅದರ ಸಾರ. ಈ ಕಳಕಳಿಯನ್ನು ತಳ್ಳಿಹಾಕಬಾರದು, ಆದರೆ ಅದು ತಪ್ಪು ಕಡೆಗೆ ಬೊಟ್ಟು ಮಾಡುತ್ತದೆ. ಕನ್ನಡದ ಅಕ್ಷರ ಯಾವತ್ತೂ ಒಂದೇ ವೇಷದಲ್ಲಿ ಇರಲಿಲ್ಲ. ಶಾಸನದ ಕಲ್ಲಿನಲ್ಲಿ ಒಂದು ರೂಪ, ಓಲೆಗರಿಯಲ್ಲಿ ಒಂದು ರೂಪ, 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದಾಗ ಒಂದು ರೂಪ, ಸಿನಿಮಾ ಪೋಸ್ಟರು ಬರೆಯುವ ಕಲಾವಿದರ ಕುಂಚದಲ್ಲಿ ಇನ್ನೊಂದು ರೂಪ. ಒಂದು ಭಾಷೆ ಮಗುವಿನೊಂದಿಗೂ ಮಾತಾಡಬೇಕು, ಮುಖ್ಯಮಂತ್ರಿಯೊಂದಿಗೂ ಮಾತಾಡಬೇಕು. ಎರಡಕ್ಕೂ ಒಂದೇ ಅಕ್ಷರ ಇರುವುದು ಬಡತನ. ಇಂಗ್ಲಿಷಿಗೆ ಸಾವಿರಾರು ಫಾಂಟುಗಳಿದ್ದು ಕನ್ನಡಕ್ಕೆ ಬೆರಳೆಣಿಕೆಯಷ್ಟು ಒಳ್ಳೆಯವು ಇದ್ದಾಗ, ಹಗುರವಾದ ಮಾತೆಲ್ಲ ಇಂಗ್ಲಿಷಿಗೆ ಜಾರುತ್ತದೆ. ಪೊಟ್ಟಣದ ಮೇಲಿನ ಹೆಸರು ಇಂಗ್ಲಿಷಿನಲ್ಲಿ, ಕಡ್ಡಾಯದ ಸಾಲು ಮಾತ್ರ ಕನ್ನಡದಲ್ಲಿ ಎಂಬ ಸ್ಥಿತಿಗೆ ಇದೂ ಒಂದು ಕಾರಣ.

ಮೂರನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಉಚಿತವಾಗಿ ಸಿಗುವ ಒಳ್ಳೆಯ ದುಂಡು ಫಾಂಟು ಒಂದೆರಡೇ ಇದ್ದರೆ ಎಲ್ಲ ಅಂಗಡಿ, ಎಲ್ಲ ಮುಖಪುಟ ಒಂದೇ ಥರ ಕಾಣತೊಡಗುತ್ತವೆ, ಕೈಬರಹದ ಕಲಾವಿದರ ಕೆಲಸವೂ ಹೋಗುತ್ತದೆ ಎಂಬುದು. ಇದು ನಿಜವಾದ ಅಪಾಯ. ಬಜೆಟ್ ಇರುವ ಪ್ರಕಾಶಕರು, ಸಿನಿಮಾದವರು, ಬ್ರ್ಯಾಂಡ್ ಕಟ್ಟುವ ಸಂಸ್ಥೆಗಳು ಶೀರ್ಷಿಕೆಯನ್ನು ಕಲಾವಿದರಿಂದಲೇ ಬರೆಸಬೇಕು ಎಂದು ಖಚಿತವಾಗಿ ಹೇಳುತ್ತೇನೆ. ಕೈಯಲ್ಲಿ ಬರೆದ ಹೆಸರಿಗೆ ಇರುವ ಗುರುತು ಯಾವ ಫಾಂಟಿನಿಂದಲೂ ಬಾರದು. ಆದರೆ ನೂರು ಪ್ರತಿ ಅಚ್ಚು ಹಾಕಿಸುವ ಶಾಲೆಗೆ, ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುವ ಸ್ವಸಹಾಯ ಸಂಘಕ್ಕೆ ಫಾಂಟೇ ಆಸರೆ. ಅವರೂ ಸುತ್ತ ನೋಡಬಹುದು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯ ಕನ್ನಡಕದಲ್ಲಿ ಬೇರೆಯದೇ ಬಗೆಯ ಚುರುಕುತನವಿದೆ, ಅನೆಕ್ ಕನ್ನಡದ ಅತಿ ದಪ್ಪ ತೂಕವೂ ಕೆಲವೆಡೆ ಒಪ್ಪುತ್ತದೆ. ಒಂದೇ ಬೀದಿಯ ಪಕ್ಕದಂಗಡಿ ಬಾಲೂ ಬಳಸಿದ್ದರೆ ನೀವು ಇನ್ನೊಂದನ್ನು ಹುಡುಕಿ.

ಇನ್ನು ಕೆಲಸದ ಮೇಜಿನ ಮಾತು. ಬಾಲೂ ತಮ್ಮ ಯೂನಿಕೋಡ್ ಫಾಂಟು. ಹಳೆಯ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚಾದ ಪಠ್ಯಕ್ಕೆ ಇದನ್ನು ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಮೊದಲು ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಮತ್ತು ಒತ್ತುಗಳನ್ನು ಕಣ್ಣಾರೆ ಪರಿಶೀಲಿಸಬೇಕು. ಪೇಜ್‌ಮೇಕರ್‌ನಲ್ಲಿ ಯೂನಿಕೋಡ್ ಫಾಂಟು ನಡೆಯುವುದಿಲ್ಲ. ಇನ್‌ಡಿಸೈನ್ ಮತ್ತು ಇಲ್ಲಸ್ಟ್ರೇಟರ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡದಿದ್ದರೆ ಒತ್ತಕ್ಷರ ಒಡೆದು ಪಕ್ಕಕ್ಕೆ ಕೂರುತ್ತದೆ, ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲೂ ಅಂಥದೇ ವರ್ಲ್ಡ್-ರೆಡಿ ಲೇಔಟ್ ಆಯ್ಕೆ ಇತ್ತು. ಇಂಕ್‌ಸ್ಕೇಪ್, ಲಿಬ್ರೆಆಫೀಸ್ ಮುಂತಾದ ಉಚಿತ ತಂತ್ರಾಂಶಗಳು ಕನ್ನಡವನ್ನು ಸರಿಯಾಗಿ ಜೋಡಿಸುತ್ತವೆ. ಫಲಕ ತಯಾರಕರಿಗೆ ಕಡತ ಕಳಿಸುವಾಗ ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಿಸಿ ಕಳಿಸಿದರೆ ಅವರ ಕಂಪ್ಯೂಟರಿನಲ್ಲಿ ಅಕ್ಷರ ಕೆಡುವುದಿಲ್ಲ. ಎರಡು ಸಾಲಿನ ಶೀರ್ಷಿಕೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಗಲದಂತೆ ಪದಗಳನ್ನು ಮುರಿಯಿರಿ. ಕೆಲವೊಮ್ಮೆ ಒಂದು ಪದವನ್ನು ಕೆಳಗಿಳಿಸಿದರೆ ಸಾಕು, ಸಾಲುಗಳ ನಡುವಿನ ಜಾಗ ಹಿಗ್ಗಿಸಬೇಕಿಲ್ಲ. ಅಕ್ಷರಗಳ ನಡುವೆ ಬಲವಂತವಾಗಿ ಅಂತರ ಹೆಚ್ಚಿಸಬೇಡಿ, ಕನ್ನಡದಲ್ಲಿ ಗುಣಿತದ ಚಿಹ್ನೆ ತನ್ನ ಅಕ್ಷರದಿಂದ ದೂರವಾದಂತೆ ಕಾಣುತ್ತದೆ. ದಪ್ಪ ಅಕ್ಷರಕ್ಕೆ ನೆರಳು, ಹೊರಗೆರೆ, ಬಣ್ಣದ ಏರಿಳಿತ ಯಾವುದೂ ಬೇಡ. ಹೊರಗೆರೆ ಹಾಕಿದರಂತೂ ಮಹಾಪ್ರಾಣದ ಸೀಳು ಮೊದಲು ಮುಚ್ಚುತ್ತದೆ. ಅಂತಿಮಗೊಳಿಸುವ ಮುನ್ನ ನಿಮ್ಮ ಶೀರ್ಷಿಕೆಯಲ್ಲೇ ಇರುವ ಅತಿ ಕಷ್ಟದ ಪದವನ್ನು ನಿಜ ಗಾತ್ರದಲ್ಲಿ ಮುದ್ರಿಸಿ, ವಿಷಯ ಗೊತ್ತಿಲ್ಲದವರೊಬ್ಬರಿಂದ ಓದಿಸಿ. ಅವರು ತಡವರಿಸಿದರೆ ಒಂದು ತೂಕ ಇಳಿಸಿ ಮತ್ತೆ ನೋಡಿ.

ಪರವಾನಗಿಯ ವಿಷಯದಲ್ಲಿ ಭಯ ಬೇಡ. ವ್ಯಾಪಾರಕ್ಕೆ, ಪುಸ್ತಕಕ್ಕೆ, ಆ್ಯಪ್‌ಗೆ, ಫಲಕಕ್ಕೆ ಇದನ್ನು ಹಣ ಕೊಡದೆ ಬಳಸಬಹುದು. ಫಾಂಟ್ ಕಡತವನ್ನೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಮುದ್ರಿಸಿದ ಪುಸ್ತಕದಲ್ಲಿ ಫಾಂಟಿನ ಹೆಸರು ಹಾಕಬೇಕೆಂಬ ಷರತ್ತೂ ಇಲ್ಲ. ಷರತ್ತಿಲ್ಲದಿದ್ದರೂ ಪ್ರಕಾಶಕರಲ್ಲಿ ಒಂದು ಕೋರಿಕೆ: ಮುಖಪುಟ ಕಲಾವಿದರ ಹೆಸರಿನ ಕೆಳಗೆ ಶೀರ್ಷಿಕೆಯ ಫಾಂಟು ಯಾವುದು, ಅದನ್ನು ರೂಪಿಸಿದವರು ಯಾರು ಎಂದು ಒಂದು ಸಾಲು ಸೇರಿಸಿ. ಕನ್ನಡಕ್ಕೆ ಇನ್ನಷ್ಟು ಅಕ್ಷರಗಳು ಬೇಕಾಗಿವೆ, ಅವನ್ನು ಮಾಡಬಲ್ಲವರ ಹೆಸರು ಓದುಗರಿಗೆ ಗೊತ್ತಾಗಲಿ.